ದೂರ ಹಾರಿದವರೇ ಮುಂದೆ? ಹಾಗೇನಿಲ್ಲ

ಈಜು ಕಲಿಯುವ ಮಕ್ಕಳ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಸ್ಟಾರ್ಟ್‌ನಲ್ಲಿ ಆದಷ್ಟು ದೂರ ಹಾರಬೇಕು, ಬೇಗ ಮೇಲೆ ಬಂದು ಕೈ ಬೀಸಬೇಕು. ನೀರೊಳಗೆ ಇದ್ದಷ್ಟು ಹೊತ್ತು ನಷ್ಟ."

ಅರ್ಧ ಸರಿ, ಅರ್ಧ ತಪ್ಪು. ಬ್ಲಾಕ್‌ನಿಂದ (ಕೊಳದ ಅಂಚಿನ, ಹಾರಲು ನಿಲ್ಲುವ ಕಟ್ಟೆ) ಜೋರಾಗಿ ತಳ್ಳಬೇಕು, ನಿಜ. ಆದರೆ ದೂರದ ಆಸೆಗೆ ಮೈ ಚಪ್ಪಟೆಯಾಗಿ ಬಿದ್ದರೆ ಹೊಟ್ಟೆಯೂ ಉರಿಯುತ್ತದೆ, ವೇಗವೂ ಹೋಗುತ್ತದೆ. ಬೆರಳು, ತಲೆ, ಸೊಂಟ, ಪಾದ ಎಲ್ಲವೂ ನೀರಿನಲ್ಲಿ ಹೆಚ್ಚುಕಡಿಮೆ ಒಂದೇ ತೂತು ಮಾಡಿದಂತೆ, ಒಂದೇ ಜಾಗದಲ್ಲಿ ಇಳಿಯಬೇಕು.

ಇನ್ನು ನೀರೊಳಗಿನ ಹೊತ್ತು. ಇಡೀ ರೇಸ್‌ನಲ್ಲಿ ಈಜುಗಾರ ಅತಿ ವೇಗವಾಗಿರುವುದು ನೀರು ಸೇರುವ ಕ್ಷಣದಲ್ಲೇ. ಮೇಲ್ಮೈಯಲ್ಲಿ ಅಲೆ ಎಬ್ಬಿಸಲು ಶಕ್ತಿ ಸುಮ್ನೆ ಖರ್ಚಾಗುತ್ತದೆ. ಸ್ವಲ್ಪ ಆಳದಲ್ಲಿ ಆ ತಡೆ ಕಡಿಮೆ. ಅದಕ್ಕೇ ಕೈ ಚಾಚಿ, ಮೈ ಬಿಗಿ ಹಿಡಿದು, ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಅಲೆಯಂತೆ ಒದೆಯುವುದು) ಹೊಡೆಯುತ್ತಾರೆ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಬ್ಯಾಕ್‌ಸ್ಟ್ರೋಕ್‌ನಲ್ಲಿ (ಅಂಗಾತ ಈಜು) 30 ಮೀಟರ್‌ಗೂ ಜಾಸ್ತಿ ದೂರ ನೀರೊಳಗೇ ಹೋಗುತ್ತಿದ್ದರು. 100 ಮೀಟರ್ ಫೈನಲ್ ಗೆದ್ದ ಜಪಾನಿನ ಡೈಚಿ ಸುಜುಕಿಯದೂ ಅದೇ ತಂತ್ರ. ಲಾಭವಿಲ್ಲದಿದ್ದರೆ ಮುಂದೆ ಇದಕ್ಕೆ ಮಿತಿ ಹಾಕುತ್ತಿದ್ದರಾ? ಈಗ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ 15 ಮೀಟರ್ ಒಳಗೆ ತಲೆ ಮೇಲೆ ಬರಲೇಬೇಕು.

ಹಾಗಂತ ಎಲ್ಲರೂ 15 ಮೀಟರ್ ಮುಳುಗಿರಬೇಕಿಲ್ಲ. ಕಿಕ್ ದುರ್ಬಲವಾಗಿರುವ ಮಗು, ನೀರೊಳಗಿನ ವೇಗ ತನ್ನ ಮೇಲ್ಮೈ ಈಜಿನ ವೇಗಕ್ಕೆ ಇಳಿಯುವಷ್ಟರಲ್ಲಿ ಮೇಲೆ ಬರುವುದೇ ಸರಿ.