ಬಿಟ್ಟುಕೊಟ್ಟರಂತೆ!

ಅಮೆರಿಕದ ಬೇಸ್‌ಬಾಲ್ ಫೈನಲ್ ಮುಗಿದು ಇನ್ನೂ ಗಂಟೆಯಾಗಿಲ್ಲ, ಆಗಲೇ ಶುರು. "ಡಾಡ್ಜರ್ಸ್ ಗೆದ್ದಿದ್ದಲ್ಲ ಮಾರಾಯ, ಯಾಂಕೀಸ್ ಬಿಟ್ಟುಕೊಟ್ಟಿದ್ದು." ಊರಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ ಫೋನ್ ಹಿಡಿದವರದ್ದು ಇನ್ನೂ ಒಂದು ಕೈ ಮೇಲೆ: "ದೀಪಾವಳಿ ಉಡುಗೊರೆ ಸಿಕ್ತಲ್ಲಪ್ಪ ನಿಮ್ಮ ಟೀಮಿಗೆ!"

ಉಡುಗೊರೆಯಂತೆ. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರಿಗೆ ಕಪ್ ಸಿಗುವ ಫೈನಲ್ ಸರಣಿ, 2024ರ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಅದೂ ಯಾಂಕೀ ಸ್ಟೇಡಿಯಂನಲ್ಲಿ. ಡಾಡ್ಜರ್ಸ್ 5-0 ಹಿಂದೆ ಬಿದ್ದು, 7-6ರಲ್ಲಿ ಗೆದ್ದು, ಸರಣಿಯನ್ನೇ 4-1ಕ್ಕೆ ಮುಗಿಸಿದ್ದಾರೆ. ಕಪ್ ಎತ್ತುವ ಪಂದ್ಯದಲ್ಲಿ ಇಷ್ಟು ಹಿಂದಿನಿಂದ ಬಂದು ಗೆದ್ದವರು ಈ ತನಕ ಯಾರೂ ಇರಲಿಲ್ಲ. ಸರಿ, ಆ ಉಡುಗೊರೆಯ ಪೊಟ್ಟಣ ಬಿಚ್ಚಿಯೇ ನೋಡೋಣ ಬನ್ನಿ.

ಐದನೇ ಇನ್ನಿಂಗ್. ಅಲ್ಲಿಯವರೆಗೆ ಯಾಂಕೀಸ್ ಪಿಚರ್ (ಬಾಲ್ ಎಸೆಯುವವನು) ಗೆರಿಟ್ ಕೋಲ್ ಒಂದೇ ಒಂದು ಹಿಟ್, ಅಂದರೆ ಹೊಡೆದು ಬೇಸ್ ಸೇರುವ ಅವಕಾಶ, ಕೊಟ್ಟಿರಲಿಲ್ಲ. ಮೂರು ಬೇಸ್ ದಾಟಿ, ಹೊರಟ ಜಾಗಕ್ಕೇ, ಅಂದರೆ ಮನೆಗೆ, ಮರಳಿದರೆ ಒಂದು ರನ್. ಡಾಡ್ಜರ್ಸ್ ಪರ ಕಿಕೆ ಹೆರ್ನಾಂಡೆಸ್ ಸಿಂಗಲ್ (ಮೊದಲ ಬೇಸ್ ತಲುಪಿಸುವ ಹಿಟ್) ಹೊಡೆದ. ಆಮೇಲೆ ಟಾಮಿ ಎಡ್ಮನ್ ಹೊಡೆದ ಬಾಲ್ ನೇರ ಯಾಂಕೀಸ್ ಫೀಲ್ಡರ್ ಆರನ್ ಜಡ್ಜ್ ಕೈಗೆ ಹೋಯಿತು, ಜಡ್ಜ್ ನೆಲಕ್ಕೆ ಹಾಕಿದ. ಇದೊಂದನ್ನು ಒಪ್ಪುತ್ತೇನೆ. ನಿದ್ದೆಗಣ್ಣಲ್ಲೂ ಹಿಡಿಯಬೇಕಾದ ಕ್ಯಾಚ್. ಉಡುಗೊರೆ ಅಂತ ಬರೆದುಕೊಳ್ಳಿ, ಒಂದು.

ಮುಂದಿನದು ವಿಲ್ ಸ್ಮಿತ್ ಹೊಡೆದ ನೆಲದ ಬಾಲ್. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ವೋಲ್ಪೆ ಹಿಡಿದು ಮೂರನೇ ಬೇಸ್‌ಗೆ ಎಸೆದ, ಬಾಲ್ ಮುಂಚೆಯೇ ಪುಟಿದು ಅಲ್ಲಿದ್ದ ಚಿಜಮ್ ಕೈತಪ್ಪಿತು. "ನೋಡಿ, ಇನ್ನೊಂದು!" ಅಂತೀರಿ. ಸ್ವಲ್ಪ ತಡೆಯಿರಿ. ವೋಲ್ಪೆಗೂ ಚಿಜಮ್‌ಗೂ ನಡುವೆ ಕಿಕೆ ಓಡುತ್ತಿದ್ದ. ಅವನು ಅರೆಮನಸ್ಸಿನಿಂದ ಓಡಿದ್ದರೆ ಎಸೆಯುವವನಿಗೆ ಅವಸರವೂ ಇರುತ್ತಿರಲಿಲ್ಲ, ಅಡ್ಡವೂ ಇರುತ್ತಿರಲಿಲ್ಲ. ಎಷ್ಟೋ ತಪ್ಪು ಎಸೆತಗಳ ಹಿಂದೆ ಹೀಗೆ ಉಸಿರು ಕಟ್ಟಿ ಓಡಿದವನೊಬ್ಬ ಇರುತ್ತಾನೆ. ಸ್ಕೋರ್ ಪುಸ್ತಕದಲ್ಲಿ ಮಾತ್ರ ಅವನ ಹೆಸರು ಇರುವುದಿಲ್ಲ.

ಬೇಸ್ ಮೂರೂ ಭರ್ತಿ, ಒಂದೂ ಔಟ್ ಇಲ್ಲ. ಕೋಲ್ ಏನು ಸಾಮಾನ್ಯನಾ? ಗ್ಯಾವಿನ್ ಲಕ್ಸ್ ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್), ಒಹ್ತಾನಿ ಸ್ಟ್ರೈಕೌಟ್. ಇನ್ನೊಂದು ಔಟ್ ಆದರೆ ಇನ್ನಿಂಗ್ ಮುಗಿಯಿತು, ಸ್ಕೋರ್ 5-0 ಹಾಗೇ ಉಳಿಯಿತು.

ಆಗ ಬಂದವನು ಮೂಕಿ ಬೆಟ್ಸ್. ಬ್ಯಾಟಿನ ತುದಿಗೆ ತಾಗಿ ಗಿರಗಿರ ತಿರುಗುತ್ತ ಹೋದ ಸತ್ತ ಬಾಲ್ ಅದು. ಮೊದಲ ಬೇಸ್‌ನ ರಿಜ್ಜೊ ಮುನ್ನುಗ್ಗಲಾಗದು, ಅಂಥ ಬಾಲ್ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಹೊರಳುತ್ತದೆ. ನಿಂತು ಕಾದು ಹಿಡಿಯಬೇಕು. ಬೆಟ್ಸ್ ಔಟಾಗಬೇಕಾದರೆ ಅವನಿಗಿಂತ ಮೊದಲು ಬಾಲ್ ಕೈಯಲ್ಲಿದ್ದವನೊಬ್ಬ ಬೇಸ್ ತುಳಿಯಬೇಕು. ಹಾಗೆ ಹಿಡಿದ ಮೇಲೆ ಬೇಸ್‌ಗೆ ಅವನೇ ಓಡಿದರೆ ತಲುಪುವುದು ಕಷ್ಟ. ಅದಕ್ಕೇ ಪಿಚರ್ ಇರುವುದು. ಬಾಲ್ ತನ್ನ ಎಡಕ್ಕೆ ಹೋಯಿತು ಅಂದರೆ ಪಿಚರ್ ಹಿಂದೆಮುಂದೆ ನೋಡದೆ ಮೊದಲ ಬೇಸ್ ಕಡೆ ಓಡಬೇಕು. ಅದೂ ನೇರ ಬೇಸ್‌ಗಲ್ಲ. ಬೇಸ್‌ಗೆ ಹತ್ತು ಹದಿನೈದು ಅಡಿ ಮೊದಲೇ ಗೆರೆಯ ಹತ್ತಿರ ಸೇರಿ, ಅಲ್ಲಿಂದ ಗೆರೆಗುಂಟ ಓಡುತ್ತ ಬಾಲ್ ಹಿಡಿದು, ಬಲಗಾಲಲ್ಲಿ ಬೇಸಿನ ಒಳ ಅಂಚು ತುಳಿಯಬೇಕು. ಹೊರ ಅಂಚು ತುಳಿದರೆ ಓಡಿಬರುವವನಿಗೆ ಡಿಕ್ಕಿ. ಪ್ರತಿ ಫೆಬ್ರುವರಿ ತಿಂಗಳ ತರಬೇತಿಯಲ್ಲಿ ಪಿಚರ್‌ಗಳಿಗೆ ಬೇಸರ ಬರುವಷ್ಟು ಮಾಡಿಸುವ ಅಭ್ಯಾಸ ಇದು.

ಕೋಲ್ ಮೊದಲು ಬಾಲಿನ ಕಡೆ ವಾಲಿದ. ಆಮೇಲೆ ನಿಂತ. ನಿಂತು ರಿಜ್ಜೊಗೆ ಬೇಸ್ ಕಡೆ ಕೈ ತೋರಿಸಿದ!

ಬೆಟ್ಸ್ ಮಾತ್ರ ನಿಲ್ಲಲಿಲ್ಲ. ಎರಡು ಔಟ್ ಆಗಿದೆ, ಹೊಡೆದಿದ್ದು ಲೆಕ್ಕಕ್ಕೇ ಬಾರದ ಬಾಲ್, ಹತ್ತರಲ್ಲಿ ಒಂಬತ್ತು ಸಲ ಔಟೇ. ಆದರೂ ಆ 90 ಅಡಿಯನ್ನು ತಲೆ ತಗ್ಗಿಸಿ ಓಡಿದ. ಕ್ರಿಕೆಟ್ಟಿನಲ್ಲಿ ಬಾಲ್ ಫೀಲ್ಡರ್ ಕೈಗೆ ಹೋಯಿತು ಅಂತ ನಡುದಾರಿಯಲ್ಲಿ ಬ್ಯಾಟ್ ಎಳೆದುಕೊಂಡು ನಡೆಯುವವರನ್ನು ನೋಡಿ ಎಷ್ಟು ಬೈದಿಲ್ಲ ನಾವು? ಬೆಟ್ಸ್ ಹಾಗೆ ನಡೆದಿದ್ದರೆ ರಿಜ್ಜೊ ಆರಾಮಾಗಿ ಬೇಸ್ ತುಳಿಯುತ್ತಿದ್ದ, ಕೋಲ್ ನಿಂತಿದ್ದು ಯಾರಿಗೂ ನೆನಪೂ ಇರುತ್ತಿರಲಿಲ್ಲ. ಇದನ್ನು ದಾನ ಅನ್ನುತ್ತೀರಾ? ಸ್ಕೋರರ್ ಕೂಡ ಅನ್ನಲಿಲ್ಲ. ಬೆಟ್ಸ್ ಹೆಸರಿಗೆ ಸಿಂಗಲ್ ಅಂತಲೇ ಬರೆದ.

ಮೂರನೇ ಬೇಸ್‌ನಲ್ಲಿದ್ದವನು ಮನೆ ಸೇರಿದ, ಅಲ್ಲಿಗೆ 5-1. ಫ್ರೆಡ್ಡಿ ಫ್ರೀಮನ್ ಸಿಂಗಲ್, ಇನ್ನೆರಡು. ಟೆಯೋಸ್ಕರ್ ಹೆರ್ನಾಂಡೆಸ್ ಡಬಲ್ (ಎರಡನೇ ಬೇಸ್ ತಲುಪಿಸುವ ಹಿಟ್), ಮತ್ತೆರಡು. 5-5. ಐದರಲ್ಲಿ ಒಂದೂ ಕೋಲ್‌ನ ಲೆಕ್ಕಕ್ಕಿಲ್ಲ, ಎಲ್ಲ ಫೀಲ್ಡಿಂಗ್ ತಪ್ಪಿನ ಖಾತೆಗೆ. ಅದನ್ನೇ ಹಿಡಿದು ಎಳೆದಾಡುತ್ತಿದ್ದೀರಿ. ಅಲ್ಲಾ ಸ್ವಾಮಿ, ಎರಡು ಔಟ್ ಆದ ಮೇಲೆ ಕೋಲ್‌ನಂಥವನಿಗೆ ಸಿಂಗಲ್, ಅದರ ಬೆನ್ನಿಗೇ ಡಬಲ್. ಅದನ್ನೂ ಜಡ್ಜೇ ಹೊಡೆದುಕೊಟ್ಟನಾ?

ಗೊತ್ತು, ಮುಂದಿನ ಬಾಣ ದುಡ್ಡಿನದು. ಒಹ್ತಾನಿಗೆ 70 ಕೋಟಿ ಡಾಲರ್ ಒಪ್ಪಂದ, ಅದರಲ್ಲಿ 68 ಕೋಟಿ ಆಮೇಲೆ ಕೊಡುವುದು, ಹೀಗೆ ಖರ್ಚು ಮಾಡಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ. ಒಹ್ತಾನಿ ಈ ಸರಣಿಯಲ್ಲಿ ಹೊಡೆದದ್ದು 19ಕ್ಕೆ 2 ಹಿಟ್. ಎರಡನೇ ಪಂದ್ಯದಲ್ಲೇ ಭುಜ ಜಾರಿತ್ತು, ಪಾಪ. ಬೆಟ್ಸ್, ಫ್ರೀಮನ್ ಪುಕ್ಕಟೆ ಬಂದವರೇನಲ್ಲ, ಒಪ್ಪಿದೆ. ಆದರೆ ದುಡ್ಡಿನ ಮಾತನ್ನು, ತಾವೇ ದುಡ್ಡು ಸುರಿಯುವ ಯಾಂಕೀಸ್ ಪರ ವಹಿಸಿ ಆಡುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು.

ಇನ್ನು "ಉಡುಗೊರೆ" ಪಕ್ಷದವರು ಯಾರೂ ಎಂಟನೇ ಇನ್ನಿಂಗ್ ಸುದ್ದಿ ಎತ್ತುವುದಿಲ್ಲ. ಯಾಂಕೀಸ್ ಮತ್ತೆ 6-5 ಮುಂದೆ ಹೋಗಿದ್ದರು. ಕಿಕೆ ಸಿಂಗಲ್. ಎಡ್ಮನ್ ಈ ಸಲ ಶಾರ್ಟ್‌ಸ್ಟಾಪ್ ಕಡೆಗೆ ಹೊಡೆದು ಓಡಿಯೇ ಗಿಟ್ಟಿಸಿದ ಸಿಂಗಲ್. ಸ್ಮಿತ್‌ಗೆ ವಾಕ್ (ನಾಲ್ಕು ಕೆಟ್ಟ ಪಿಚ್ ಬಂದರೆ ಸಿಗುವ ಮೊದಲ ಬೇಸ್). ಆಮೇಲೆ ಲಕ್ಸ್ ಮಾಡಿದ್ದು, ಬೆಟ್ಸ್ ಮಾಡಿದ್ದು ಒಂದೇ: ಔಟ್‌ಫೀಲ್ಡಿಗೆ ಎತ್ತರವಾಗಿ ಹೊಡೆದು ತಾವು ಔಟಾದರು, ಮೂರನೇ ಬೇಸ್‌ನವನು ಕ್ಯಾಚ್ ಆಗುವವರೆಗೂ ಬೇಸ್ ತುಳಿದು ಕಾದು, ಆದ ಕ್ಷಣ ಮನೆಗೆ ಓಡಿದ. ಎರಡು ಸಲ ಹೀಗೆ, ಎರಡು ರನ್, 7-6. ಅವೆರಡರ ನಡುವೆ ಒಹ್ತಾನಿಯ ಬ್ಯಾಟ್ ಹಿಂದೆ ಕೂತಿದ್ದ ಯಾಂಕೀಸ್ ಕ್ಯಾಚರ್ ಕೈಗವಸಿಗೆ ತಾಗಿ ಅವನಿಗೆ ಮೊದಲ ಬೇಸ್ ಸಿಕ್ಕಿತು. ಹೋಗಲಿ, ಅದೂ ನಿಮ್ಮ ಲೆಕ್ಕಕ್ಕೇ ಇರಲಿ.

ಒಂದು ಗುಟ್ಟು ಹೇಳಿಬಿಡುತ್ತೇನೆ. 2009, 2011, 2016, ಮೂರು ಫೈನಲ್ ಸೋತ ಆರ್‌ಸಿಬಿಯನ್ನು ಕಟ್ಟಿಕೊಂಡವರಿಗೆ ಎದುರಾಳಿಯ ತಪ್ಪಿನಿಂದ ಕಪ್ ಬಂದರೂ ಮುಜುಗರವಿಲ್ಲ. ಕಣ್ಣಿಗೊತ್ತಿ ತಗೋತೀವಿ. ಇವತ್ತಿನ ಸಿಟ್ಟು ಬೇರೆ ಕಾರಣಕ್ಕೆ: ಇಷ್ಟು ದುಡಿದು ಗೆದ್ದದ್ದನ್ನು ಉಡುಗೊರೆ ಅಂದದ್ದಕ್ಕೆ. ಡಾಡ್ಜರ್ಸ್ ಪಿಚರ್ ಬ್ಲೇಕ್ ಟ್ರೈನನ್ 42 ಪಿಚ್ ಹಾಕಿ ಏಳು ಔಟ್ ತೆಗೆದ. ಎಂಟನೇ ಇನ್ನಿಂಗ್‌ನಲ್ಲಿ ಇಬ್ಬರು ಬೇಸ್ ಮೇಲಿದ್ದಾಗ ಸ್ಟ್ಯಾಂಟನ್‌ನನ್ನೂ ರಿಜ್ಜೊನನ್ನೂ ಕಳಿಸಿದ. ಒಂಬತ್ತನೆಯದಕ್ಕೆ ಬಂದವನು ವಾಕರ್ ಬ್ಯೂಲರ್. ಸೋಮವಾರ ತಾನೇ ಮೂರನೇ ಪಂದ್ಯದಲ್ಲಿ ಐದು ಇನ್ನಿಂಗ್ ಹಾಕಿದ್ದವನು, ನಡುವೆ ಒಂದೇ ದಿನ ಬಿಡುವು. ಸ್ಟಾರ್ಟರ್ ಪಿಚರ್‌ಗೆ ನಾಲ್ಕೈದು ದಿನ ಬಿಡುವು ಕೊಡುವ ಆಟ ಇದು. ಮೂವರು ಬಂದರು, ಮೂವರೂ ಹೋದರು.

ಆ ಮೂರನೆಯವನು, ಸ್ಟ್ರೈಕೌಟ್ ಆಗಿ ಕೊನೆಯ ಔಟ್ ಆದವನು, ಅಲೆಕ್ಸ್ ವರ್ಡೂಗೊ. 2020ರಲ್ಲಿ ಬೆಟ್ಸ್‌ನನ್ನು ತರಲು ಡಾಡ್ಜರ್ಸ್ ಬಾಸ್ಟನ್‌ಗೆ ಬಿಟ್ಟುಕೊಟ್ಟವರಲ್ಲಿ ಒಬ್ಬ. ಬಿಟ್ಟುಕೊಡುವುದು ಅಂದರೆ ಅದು.