ಯಂತ್ರದ ಕಣ್ಣಿಗಿಂತ ಮೊದಲು

ಇಂಗ್ಲೆಂಡಿನಲ್ಲಿ 50ರಿಂದ 74 ವಯಸ್ಸಿನವರ ಮನೆಗೆ ಕರುಳಿನ ಕ್ಯಾನ್ಸರ್ ತಪಾಸಣೆಗೆಂದು ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಪುಟ್ಟ ಕೊಳವೆಯೊಂದು ಬರುತ್ತದೆ. ಮಲದ ಚಿಟಿಕೆ ಮಾದರಿಯನ್ನು ಅದರಲ್ಲಿಟ್ಟು ಮರಳಿ ಅಂಚೆಗೆ ಹಾಕಿದರಾಯಿತು, ಕಾಸಿನ ಖರ್ಚಿಲ್ಲ. ಕಣ್ಣಿಗೆ ಕಾಣದ ರಕ್ತದ ಅಂಶ ಮಿತಿ ಮೀರಿದ್ದರೆ ಕೊಲೊನೊಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಒಳಗೆ ಹಾಕಿ ದೊಡ್ಡ ಕರುಳನ್ನು ನೋಡುವ ತಪಾಸಣೆಗೆ, ಕರೆಯುತ್ತಾರೆ. ಇಲ್ಲಿ ನೆಲೆಸಿದ ಮೇಲೆ ನಾನು ಮನಸಾರೆ ಮೆಚ್ಚಿದ ವ್ಯವಸ್ಥೆ ಇದು.

ಊರಿನವರು ಮಾತಿಗೆ ಸಿಕ್ಕಾಗ ಕೇಳುವುದು ಮಾತ್ರ ಕೊಲೊನೊಸ್ಕೋಪಿಯಲ್ಲಿ ನೆರವಾಗುವ ಕೃತಕ ಬುದ್ಧಿಮತ್ತೆಯ ಯಂತ್ರದ ಬಗ್ಗೆ. ಅದೇನೂ ಸುಳ್ಳು ಬೆರಗಲ್ಲ. ವೈದ್ಯರು ಕ್ಯಾಮೆರಾವನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಿರುವಾಗ ಕರುಳಿನ ಗೋಡೆಯಲ್ಲಿ ಅನುಮಾನ ಬಂದ ಜಾಗಕ್ಕೆ ಪರದೆಯ ಮೇಲೆ ಚೌಕಟ್ಟು ಮೂಡುತ್ತದೆ. ಅದು ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ವೈದ್ಯರೇ. 2020ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಮುಂದೆ ಕ್ಯಾನ್ಸರ್ ಆಗಬಲ್ಲ ಅಡಿನೋಮ ಎಂಬ ಬಗೆಯ ಪಾಲಿಪ್ ಸಿಕ್ಕ ರೋಗಿಗಳ ಪ್ರಮಾಣ ಯಂತ್ರವಿಲ್ಲದೆ ಶೇ 40.4, ಯಂತ್ರದ ನೆರವಿನಿಂದ ಶೇ 54.8. ಆದರೆ ಹೆಚ್ಚಾಗಿ ಸಿಕ್ಕವು 10 ಮಿಲಿಮೀಟರಿಗಿಂತ ಚಿಕ್ಕವು. ಅಂಥವುಗಳಲ್ಲಿ ಬಹುಪಾಲು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಪೋಲೆಂಡಿನಿಂದ 2025ರಲ್ಲಿ ಬಂದ ವರದಿ ನನ್ನನ್ನು ಇನ್ನಷ್ಟು ಚಿಂತೆಗೆ ಹಚ್ಚಿತು: ಯಂತ್ರ ಬಳಕೆಗೆ ಬಂದ ಮೇಲೆ, ಅದಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಅದೇ ಪ್ರಮಾಣ ಶೇ 28.4ರಿಂದ 22.4ಕ್ಕೆ ಇಳಿದಿತ್ತು.

ಕ್ಯಾಮೆರಾ ತಲುಪದ ಮಡಿಕೆಯನ್ನು ಯಂತ್ರವೂ ಕಾಣದು. ಹಿಂದಿನ ರಾತ್ರಿಯ ಭೇದಿ ಔಷಧ ಸರಿಯಾಗಿ ಕೆಲಸ ಮಾಡಿ ಕರುಳು ಶುಚಿಯಾಗಿರಬೇಕು, ಕ್ಯಾಮೆರಾ ಹೊರತೆಗೆಯಲು ಕನಿಷ್ಠ ಆರು ನಿಮಿಷವಾದರೂ ವೈದ್ಯರು ವ್ಯಯಿಸಬೇಕು.

ಎಲ್ಲಕ್ಕಿಂತ ಮೊದಲು ರೋಗಿ ಆ ಮಂಚದವರೆಗೆ ಬರಬೇಕು. ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ಪಥ್ಯ ಮಾಡಿ, ಅಂಗಡಿಯ ಮುಲಾಮು ಹಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಹೆಂಗಸರಂತೂ ಮನೆಯವರಿಗೂ ಹೇಳುವುದಿಲ್ಲ. ಭಾರತ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳಿವೆ, ಕರುಳಿನದಿಲ್ಲ. ಭಾರತದಲ್ಲಿ ಈ ಕಾಯಿಲೆ ಪಶ್ಚಿಮ ದೇಶಗಳಿಗಿಂತ ಕಡಿಮೆ. ಹಾಗಾಗಿ ಮನೆಮನೆಗೂ ಕೊಳವೆ ಕಳಿಸಿ ಎಂದು ನಾನು ಕೇಳುತ್ತಿಲ್ಲ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಆಗಿದ್ದವರನ್ನು, ರಕ್ತ ಕಂಡವರನ್ನು ಆಶಾ ಕಾರ್ಯಕರ್ತೆಯರು ಗುರುತಿಸಿ, ಜಿಲ್ಲಾಸ್ಪತ್ರೆಯಲ್ಲಿ ಅವರಿಗೆ ಕೊಲೊನೊಸ್ಕೋಪಿ ಸಿಗುವಂತೆ ಮಾಡಲಿ. ಯಂತ್ರಕ್ಕೆ ಹಣ ತೆಗೆದಿಡುವುದು ಅದಾದ ಮೇಲೆ.