‘ಬೇಡ’ ಅನ್ನುವ ಬಟನ್ ಎಲ್ಲಿದೆ?

ಇವತ್ತು ಬೆಳಗ್ಗೆ ಕರೆಂಟ್ ಬಿಲ್ ಕಟ್ಟೋಣ ಅಂತ ಕಂಪ್ಯೂಟರ್ ಆನ್ ಮಾಡಿದೆ. ಪರದೆ ಮೇಲೆ ಚುಕ್ಕಿಗಳು ಗಿರಗಿರ ಸುತ್ತುತ್ತಿದ್ದವು. ‘ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ.’ ಶೇ. 30ಕ್ಕೆ ಬಂದು ಕೂತಿತು. ಸ್ನಾನ ಮಾಡಿ, ತಿಂಡಿ ತಿಂದು ಬಂದೆ. ಶೇ. 30.

“ಕೆಟ್ಟುಹೋಯ್ತಾ?” ಅಂದಳು ಹೆಂಡತಿ.

“ಇಲ್ಲ, ಉದ್ಧಾರ ಆಗ್ತಿದೆ.”

ಕೊನೆಗೂ ತೆರೆಯಿತು. ಇದ್ದ ಐಕಾನ್‌ಗಳು ಇದ್ದಲ್ಲಿಲ್ಲ. ಮೂಲೆಯಲ್ಲಿ ಹೊಸದಾಗಿ ಒಂದು ಮೋಡದ ಚಿತ್ರ, ಮಳೆ ಬರಬಹುದು ಅನ್ನುತ್ತಿದೆ. ಕಿಟಕಿ ಪಕ್ಕ ಕೂತವನಿಗೆ! ಪ್ರಿಂಟರ್ ಮಾತ್ರ ಪತ್ತೆಯಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಇನ್ನೊಂದು ಪ್ರಶ್ನೆ: ‘ಈಗ ರೀಸ್ಟಾರ್ಟ್ ಮಾಡಲೇ, ಆಮೇಲೆ ನೆನಪಿಸಲೇ?’ ‘ಬೇಡ’ ಅನ್ನುವ ಬಟನ್ ಇಲ್ಲವೇ ಇಲ್ಲ.

ಅಪ್‌ಡೇಟ್ ಮಾಡಿ ಕಳ್ಳರು ನುಗ್ಗುವ ಗಂಡಿ ಮುಚ್ಚಬೇಕು, ಒಪ್ಪಿದೆ. ಆದರೆ ಬೀಗ ರಿಪೇರಿಗೆ ಬಂದವನು ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬದ ಜಾಗ ಬದಲಿಸುವುದು ಯಾಕೆ?

ಅರಸೀಕೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಪ್ಪನಿಗೆ ಈ ಕಾಟವಿಲ್ಲ. ಅವರದು ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದದ್ದು, 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟದ್ದು. “ಅವರು ನಿಲ್ಲಿಸಿದ್ರು ಅಂತ ನಾನ್ಯಾಕೋ ನಿಲ್ಲಿಸ್ಲಿ?” ಅನ್ನುತ್ತಾರೆ. ಅದಕ್ಕೆ ಇಂಟರ್‌ನೆಟ್ ತಂತಿ ಸೋಕಿಸುವಂತಿಲ್ಲ. ಗಿರಾಕಿಯ ಪೆನ್‌ಡ್ರೈವ್ ಬಾಗಿಲಾಚೆಗೇ. ಲಗ್ನಪತ್ರಿಕೆಯ ಮ್ಯಾಟರ್ ಈಗ ವಾಟ್ಸಾಪ್‌ನಲ್ಲಿ, ಅಂದರೆ ಯೂನಿಕೋಡ್ ಅನ್ನುವ ಈಗಿನ ಅಕ್ಷರ ಸಂಕೇತದಲ್ಲಿ ಬರುತ್ತದೆ. ಅದು ಪುಟ ಜೋಡಿಸುವ ಅವರ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಒಗ್ಗುವುದಿಲ್ಲ. ಹಾಗಾಗಿ ಮೊಬೈಲನ್ನು ಫೆವಿಕಾಲ್ ಡಬ್ಬಕ್ಕೆ ಒರಗಿಸಿ, ಅಜ್ಜ-ಅಜ್ಜಿಯಿಂದ ಹಿಡಿದು ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ವರೆಗೆ ಎಲ್ಲವನ್ನೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮತ್ತೆ ಕುಟ್ಟುತ್ತಾರೆ. ಗಿರಾಕಿ ಆಕಳಿಸುತ್ತಾನೆ. ಇವರು ಕಾಫಿ ತರಿಸುತ್ತಾರೆ. ಬಿಡಿಭಾಗಕ್ಕೆಂದು ಅಟ್ಟದ ಮೇಲೆ ಇನ್ನೊಂದು ಹಳೇ ಸಿಪಿಯು ಬೇರೆ ಇದೆ. ಆಯುಧಪೂಜೆಯ ದಿನ ಅದನ್ನೂ ಇಳಿಸಿ ಕುಂಕುಮ ಹಚ್ಚುತ್ತಾರೆ.

ನಗಬಹುದು. ಆದರೆ ಟೈಪ್ ಮಾಡುವಾಗ ಅವರು ಪರದೆ ನೋಡುವುದೇ ಕಮ್ಮಿ. ಯಾವ ಮೆನು ಎಲ್ಲಿದೆ ಅಂತ ಕೈಗೇ ಗೊತ್ತು. ಹಾಗೆ ಕೈಗೆ ಕೂರುವಷ್ಟು ದಿನ ನನ್ನ ಯಾವ ಕಂಪ್ಯೂಟರೂ ಒಂದೇ ಥರ ಇರಲಿಲ್ಲ.

ನಾನೂ ಈಗ ಡೆಬಿಯನ್ ಸ್ಟೇಬಲ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ (ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವಂಥದ್ದು) ಹಾಕಿಕೊಳ್ಳುವ ಯೋಚನೆಯಲ್ಲಿದ್ದೇನೆ. ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಆವೃತ್ತಿ. ನಡುವೆ ಬರುವುದು ಬಹುಪಾಲು ಭದ್ರತೆಯ ತೇಪೆ ಮತ್ತು ದೊಡ್ಡ ದೋಷಗಳ ರಿಪೇರಿ. 2025ರ ಆಗಸ್ಟ್‌ನಲ್ಲಿ 13ನೆಯದು ಬಂತು. 12ನೆಯದರಲ್ಲಿ ಆರಾಮಾಗಿದ್ದವರನ್ನು ಯಾರೂ ರಾತ್ರೋರಾತ್ರಿ ಎಬ್ಬಿಸಿ ಹೊಸದಕ್ಕೆ ಸಾಗಿಸಲಿಲ್ಲ.

ಫೋನಿನಲ್ಲಿ ಚಿಕ್ಕಪ್ಪನಿಗೆ ಇದನ್ನೆಲ್ಲ ಬಣ್ಣಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಅದ್ರಲ್ಲಿ ಪೇಜ್‌ಮೇಕರ್ ಓಡುತ್ತೇನೋ?”

“ನೇರವಾಗಿ ಓಡಲ್ಲ ಚಿಕ್ಕಪ್ಪ.”

“ಹಂಗಾದ್ರೆ ಅದೂ ನನ್ ಮಾತು ಕೇಳಲ್ಲ ಅನ್ನು!”